ಕೋರಮಂಗಲ ಬಯಲು ಬಂದೀಖಾನೆ

ಕೋರಮಂಗಲ ಬಯಲು ಬಂದೀಖಾನೆಯು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನಲ್ಲಿರುವ ತೆರೆದ ಕಾರಾಗೃಹ. ಹೆಸರು ಒಂದೇ ಆದರೂ ಇದು ಬೆಂಗಳೂರು ನಗರದ ಕೋರಮಂಗಲ ಬಡಾವಣೆಯಲ್ಲಿಲ್ಲ. ಸುಮಾರು 80 ಮಂದಿಗೆ ಇಲ್ಲಿ ಸ್ಥಳಾವಕಾಶವಿದೆ. ಶಿಕ್ಷೆಗೊಳಗಾದ ಬಂದಿಗಳು ಬಿಗಿ ಕಾವಲಿಲ್ಲದೆ ಬೇಸಾಯ, ತೋಟಗಾರಿಕೆ ಮುಂತಾದ ಕೆಲಸಗಳಲ್ಲಿ ತೊಡಗಿ, ಬಿಡುಗಡೆಯ ನಂತರದ ಬದುಕಿಗೆ ಸಿದ್ಧರಾಗಲಿ ಎಂಬುದು ಇದರ ಉದ್ದೇಶ.

ಪ್ರವೇಶದ ಮಿತಿ

ಸಂವಿಧಾನದ ಏಳನೆಯ ಅನುಸೂಚಿಯಂತೆ ಕಾರಾಗೃಹವು ರಾಜ್ಯಪಟ್ಟಿಯ ವಿಷಯ. ಆದ್ದರಿಂದ ಇಲ್ಲಿ 1963ರ ಕರ್ನಾಟಕ ಕಾರಾಗೃಹ ಅಧಿನಿಯಮ ಹಾಗೂ ಅದರಡಿಯ ನಿಯಮಗಳು ಅನ್ವಯಿಸುತ್ತವೆ. ಬಯಲು ಬಂದೀಖಾನೆಯ ವಾಸ ಬಂದಿಯ ಹಕ್ಕಲ್ಲ. ಸನ್ನಡತೆಯನ್ನು ನೋಡಿ ಇಲಾಖೆಯು ನೀಡುವ ಅವಕಾಶ. ದೇಶದ ಬಂದಿಗಳಲ್ಲಿ ಸುಮಾರು ಮುಕ್ಕಾಲು ಪಾಲು ವಿಚಾರಣಾಧೀನರಾಗಿದ್ದು, ಅಪರಾಧ ಸಾಬೀತಾಗದ ಅವರಿಗೆ ಈ ಬಾಗಿಲು ತೆರೆದಿಲ್ಲ. ಅಪರಾಧಿಗೆ ದೊರೆಯುವ ಬಯಲು ಆರೋಪಿಗೆ ದೊರೆಯದಿರುವುದು ವಿಚಿತ್ರವೇ ಸರಿ. ಗೋಡೆ ಇಲ್ಲದಿದ್ದರೂ ಕಾನೂನಿನ ದೃಷ್ಟಿಯಲ್ಲಿ ಇದು ಬಂಧನವೇ. ಅನುಮತಿಯಿಲ್ಲದೆ ಹೊರಟುಹೋಗುವುದು ಪ್ರತ್ಯೇಕ ಅಪರಾಧ.

ಸನ್ನಡತೆಯಿಂದ ದೊರೆಯುವ ಶಿಕ್ಷಾ ವಿನಾಯಿತಿಗೂ ಎಲ್ಲೆಯುಂಟು. 1978ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಗೆ ಸೇರಿದ 433ಎ ಪ್ರಕರಣವು, ಮರಣದಂಡನೆಗೂ ಅವಕಾಶವಿರುವ ಅಪರಾಧಕ್ಕಾಗಿ ಜೀವಾವಧಿ ಶಿಕ್ಷೆ ಪಡೆದವರು ಕನಿಷ್ಠ 14 ವರ್ಷ ಸೆರೆಯಲ್ಲಿರಲೇಬೇಕೆಂದು ವಿಧಿಸಿತು. 1980ರ ಮಾರೂ ರಾಮ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು.

ದುಡಿಮೆ ಮತ್ತು ಕೂಲಿ

1984ರಲ್ಲಿ ಬೆಂಗಳೂರು ಕೇಂದ್ರ ಕಾರಾಗೃಹದ ಬಂದಿಯೊಬ್ಬರು ಭಾರತದ ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದರು. ಕಷ್ಟಪಟ್ಟು ದುಡಿದರೂ ನ್ಯಾಯವಾದ ಕೂಲಿ ದೊರೆಯುತ್ತಿಲ್ಲವೆಂಬುದು ಅದರ ಮುಖ್ಯ ದೂರು. ಆ ಪತ್ರವೇ 'ರಾಮಮೂರ್ತಿ ವಿರುದ್ಧ ಕರ್ನಾಟಕ ರಾಜ್ಯ' ಎಂಬ ಮೊಕದ್ದಮೆಯಾಯಿತು. ತೀರ್ಪು ಬಂದದ್ದು 1996ರ ಡಿಸೆಂಬರಿನಲ್ಲಿ, ಹನ್ನೆರಡು ವರ್ಷಗಳ ಬಳಿಕ. ಅದು ಗುರುತಿಸಿದ ಒಂಬತ್ತು ಸಮಸ್ಯೆಗಳಲ್ಲಿ ಕೊನೆಯದು ಬಯಲು ಬಂದೀಖಾನೆಗಳ ನಿರ್ವಹಣೆ.

ಕೂಲಿಯ ಪ್ರಶ್ನೆಯನ್ನು ನೇರವಾಗಿ ಬಗೆಹರಿಸಿದ್ದು ಗುಜರಾತಿಗೆ ಸಂಬಂಧಿಸಿದ 1998ರ ತೀರ್ಪು. ಕಠಿಣ ಸಜೆಯವರಿಂದ ಕೆಲಸ ಮಾಡಿಸುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸುವ ಬಲವಂತದ ದುಡಿಮೆಯಾಗದು, ಆದರೆ ಅದಕ್ಕೆ ನ್ಯಾಯೋಚಿತ ಕೂಲಿ ಸಲ್ಲಬೇಕು ಎಂದು ಅದು ಹೇಳಿತು. ಆ ಗಳಿಕೆಯ ಒಂದು ಭಾಗವನ್ನು ಅಪರಾಧದಿಂದ ನೊಂದವರ ಪರಿಹಾರಕ್ಕೆ ತೆಗೆದಿರಿಸಲೂ ಸೂಚಿಸಿತು. ಜಾತಿಯನ್ನು ನೋಡಿ ಬಂದಿಗಳಿಗೆ ಕೆಲಸ ಹಂಚುವುದು ಸಂವಿಧಾನಬಾಹಿರವೆಂದು 2024ರ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಪ್ರಕರಣದಲ್ಲಿ ಅದೇ ನ್ಯಾಯಾಲಯ ತೀರ್ಪಿತ್ತು. ಸ್ವಾತಂತ್ರ್ಯ ಬಂದು 77 ವರ್ಷಗಳಾದ ಮೇಲೂ ಪೊರಕೆ ಯಾರ ಕೈಗೆ, ಸೌಟು ಯಾರ ಕೈಗೆ ಎಂಬುದನ್ನು ಕೆಲವು ರಾಜ್ಯಗಳ ಕಾರಾಗೃಹ ಕೈಪಿಡಿಗಳು ಜಾತಿಯಿಂದಲೇ ನಿರ್ಧರಿಸುತ್ತಿದ್ದವು.