ಕೃತಿ ಅಳಿದು ಅಭಿಪ್ರಾಯ ಉಳಿದಾಗ

ರಾಷ್ಟ್ರಕೂಟ ಮೂರನೆಯ ಕೃಷ್ಣನಿಂದ ಉಭಯಕವಿಚಕ್ರವರ್ತಿ ಎನಿಸಿಕೊಂಡ ಪೊನ್ನನು ತನ್ನ ಶಾಂತಿಪುರಾಣದಲ್ಲಿ ಒಂದು ದೊಡ್ಡ ಮಾತನ್ನಾಡಿದ್ದಾನೆ. ಕನ್ನಡ ಕವಿತೆಯಲ್ಲಿ ತಾನು ಅಸಗನಿಗಿಂತ ನೂರು ಮಡಿ, ಸಂಸ್ಕೃತದಲ್ಲಿ ಕಾಳಿದಾಸನಿಗಿಂತ ನಾಲ್ಕು ಮಡಿ ಎಂಬುದು ಅದರ ತಾತ್ಪರ್ಯ. ಸಾಹಿತ್ಯಚರಿತ್ರೆಗಳು ಕಾಳಿದಾಸನ ಭಾಗವನ್ನು ಹಿಡಿದು ಪೊನ್ನನ ಅಹಂಕಾರವನ್ನು ನಕ್ಕು ಮುಂದೆ ಸಾಗುತ್ತವೆ. ಚರಿತ್ರೆಗೆ ಹೆಚ್ಚು ಉಪಯುಕ್ತವಾದುದು ಮೊದಲನೆಯ ಭಾಗ. ಸಂಸ್ಕೃತದಲ್ಲಿ ಮೀರಬೇಕಾದವನು ಕಾಳಿದಾಸನಾದರೆ, ಕನ್ನಡದಲ್ಲಿ ಮೀರಬೇಕಾದವನು ಅಸಗ. ಹತ್ತನೆಯ ಶತಮಾನದ ನಡುಭಾಗದ ಓದುಗರಿಗೆ ಅಸಗನು ಅತ್ಯುನ್ನತ ಅಳತೆಗೋಲಾಗಿರದಿದ್ದರೆ ಆ ನೂರ್ಮಡಿಯ ಮಾತಿನಿಂದ ಪೊನ್ನನಿಗೆ ಯಾವ ಗೌರವವೂ ಒದಗುತ್ತಿರಲಿಲ್ಲ. ಜಂಬದ ಮಾತಿನೊಳಗೆ ಒಬ್ಬ ಪ್ರತಿಸ್ಪರ್ಧಿಯ ಅಭಿಪ್ರಾಯ ಅಡಗಿದೆ.

ಆ ಅಸಗನ ಕನ್ನಡ ಕಾವ್ಯ ಇಂದು ಒಂದೂ ಉಳಿದಿಲ್ಲ. ಕ್ರಿ.ಶ. 853ರದೆಂದು ಎಣಿಸಲಾದ ಸಂಸ್ಕೃತ ವರ್ಧಮಾನಚರಿತ ಉಳಿದಿದೆ. ಆತನ ಕರ್ಣಾಟಕ ಕುಮಾರಸಂಭವವನ್ನು ಜಯಕೀರ್ತಿಯು ಛಂದೋನುಶಾಸನದಲ್ಲಿ ಹೆಸರಿಸಿದ್ದಾನೆ; ಕೃತಿ ಮಾತ್ರ ದೊರೆತಿಲ್ಲ. ಹೀಗಿದ್ದರೂ ಅಸಗನನ್ನು 'ದೇಸಿ ಕವಿ' ಎಂದು ಕರೆಯುವ ವಾಡಿಕೆ ಬೆಳೆದಿದೆ. ಯಾರೂ ಓದದ ಕಾವ್ಯದ ಗುಣ ಇಷ್ಟು ನಿಶ್ಚಿತವಾಗಿ ಗೊತ್ತಾದುದು ಹೇಗೆ?

ಇದರ ಮೂಲವಿರುವುದು ಇಂದಿನ ಗದಗ ಜಿಲ್ಲೆಯ ಮುಳುಗುಂದದ ನಯಸೇನನಲ್ಲಿ. 1112ರ ಧರ್ಮಾಮೃತದ ಪೀಠಿಕೆಯಲ್ಲಿ ಆತ ಪೂರ್ವಕವಿಗಳ ಗುಣಗಳು ತನ್ನ ಕೃತಿಯಲ್ಲಿ ನೆಲೆಸಲೆಂದು ಹಾರೈಸುತ್ತಾನೆ. ಅಸಗನಿಗೆ ದೇಸಿ, ಪೊನ್ನನಿಗೆ ಉಪಮೆ, ಪಂಪನಿಗೆ ಅಪೂರ್ವವಾದ ರಸ, ಗಜಾಂಕುಶನಿಗೆ ಅರ್ಥದೃಷ್ಟಿ, ಗುಣವರ್ಮನಿಗೆ ಜಾಣ್ಮೆ, ರನ್ನನಿಗೆ ಓಜಸ್ಸು. ಆರು ಕವಿಗಳು, ಆರು ಗುಣಗಳು, ಒಂದೇ ಪದ್ಯ. ಪೂರ್ವಕವಿಸ್ತುತಿಯಲ್ಲಿ ಹೆಸರುಗಳನ್ನು ಸಾಲಾಗಿ ಜೋಡಿಸಿ ನಮಸ್ಕರಿಸುವುದು ಸಾಮಾನ್ಯ. ಕವಿರಾಜಮಾರ್ಗಕಾರನೂ ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತರೆಂಬ ಗದ್ಯಕಾರರನ್ನು ಹೆಸರಿಸಿದ್ದಾನೆ. ಆದರೆ ಆ ಪಟ್ಟಿಯಿಂದ ಒಬ್ಬರ ಗದ್ಯವು ಇನ್ನೊಬ್ಬರದಕ್ಕಿಂತ ಹೇಗೆ ಭಿನ್ನವೆಂದು ತಿಳಿಯುವುದಿಲ್ಲ. ನಯಸೇನನದು ಪ್ರತಿಯೊಬ್ಬ ಕವಿಯನ್ನೂ ಬೇರ್ಪಡಿಸಿ ನೋಡುವ ಓದುಗನ ಪದ್ಯ. ಅದಕ್ಕಾಗಿಯೇ ಅದು ಇಷ್ಟು ಬಾಳಿತು, ಅದಕ್ಕಾಗಿಯೇ ಅದನ್ನು ಎಚ್ಚರದಿಂದ ಬಳಸಬೇಕು.

ಓದುಗನ ರುಚಿ ಆ ಪದ್ಯದ ಮೊದಲ ಪದದಲ್ಲಿಯೇ ಕಾಣುತ್ತದೆ. ಶುದ್ಧ ಕನ್ನಡದಲ್ಲಿ ಸಂಸ್ಕೃತವನ್ನು ತುಂಬುವುದು ತುಪ್ಪಕ್ಕೆ ಎಣ್ಣೆಯನ್ನು ಬೆರಸಿದಂತೆ ಎಂದು ಹಳಿದವನು ಇದೇ ನಯಸೇನ. (ಆತನ ಚಂಪುವಿನಲ್ಲಿಯೇ ಸಂಸ್ಕೃತ ಧಾರಾಳವಾಗಿದೆಯೆಂಬುದು ಬೇರೆ ಮಾತು.) ಹದಿನಾಲ್ಕು ಕಥೆಗಳ ಮೂಲಕ ಶ್ರಾವಕರಿಗೆ ಧರ್ಮವನ್ನು ತಿಳಿಸಹೊರಟು, ಆಡುಮಾತಿನ ಹೋಲಿಕೆಗಳನ್ನು ಸಾಲುಸಾಲಾಗಿ ಪೋಣಿಸಿದ ಮುನಿಗೆ ತನ್ನ ಬರವಣಿಗೆಗೆ ಒಬ್ಬ ಪೂರ್ವಜನು ಬೇಕಾಗಿದ್ದನು. ಆ ಸ್ಥಾನದಲ್ಲಿ ಅಸಗನು ಬಂದು ನಿಂತನು. ಅಸಗನ ಕುಮಾರಸಂಭವದಲ್ಲಿ ದೇಸಿಯೇ ಪ್ರಧಾನವಾಗಿತ್ತೋ, ಅಥವಾ ಅನೇಕ ಗುಣಗಳ ನಡುವೆ ನಯಸೇನನಿಗೆ ಬೇಕಾದುದು ಅದೊಂದೇ ಆಗಿತ್ತೋ, ಈ ಪದ್ಯವೊಂದರಿಂದ ನಿರ್ಣಯಿಸಲಾಗದು.

ಆದರೂ ಅವನ ಮಾತನ್ನು ತಳ್ಳಿಹಾಕುವಂತಿಲ್ಲ. ಆರು ಕವಿಗಳಲ್ಲಿ ಮೂವರ ಕಾವ್ಯಗಳು ಉಳಿದಿರುವುದರಿಂದ ಒರೆಗೆ ಹಚ್ಚಬಹುದು. ರನ್ನನ ವಿಷಯದಲ್ಲಿ ತೀರ್ಪು ಅಚ್ಚುಕಟ್ಟಾಗಿದೆ. ಗದಾಯುದ್ಧವನ್ನು ಓದಿದ ಯಾರಾದರೂ ಓಜಸ್ಸಿನ ಹೆಸರನ್ನೇ ಹೇಳುವರು. ಪೊನ್ನನನ್ನು ಇಂದಿನ ವಿಮರ್ಶೆ ಅಷ್ಟು ಎತ್ತರದಲ್ಲಿ ಇರಿಸಿಲ್ಲ. ಉಪಮೆಯೆಂಬ ಒಂದು ಗುಣಕ್ಕೆ ಅವನನ್ನು ಸೀಮಿತಗೊಳಿಸಿದ ನಯಸೇನನು ಬಹುಶಃ ಹೊಗಳಿಕೆಯಲ್ಲಿಯೂ ಮಿತಿಯನ್ನು ಗುರುತಿಸಿದ್ದಾನೆ. ಪಂಪನಲ್ಲಿ ಮಾತ್ರ ಈ ಕ್ರಮ ಸೋಲುತ್ತದೆ. ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿದ ಸಾಹಸವಾಗಲಿ, ಆ ಯೋಜನೆಯನ್ನೇ ಮೀರಿ ಕರ್ಣನು ಬೆಳೆದು ನಿಂತ ಸೋಜಿಗವಾಗಲಿ 'ಅಪೂರ್ವ ರಸ' ಎಂಬ ಮಾತಿನಲ್ಲಿ ಹಿಡಿಯುವುದಿಲ್ಲ. ದೊಡ್ಡ ಕವಿಗೆ ಬಂದಾಗ ಒಂದು ಪದದ ಅಭಿಪ್ರಾಯ ಗೌರವಸೂಚಕವಾಗಿ ಉಳಿಯುತ್ತದೆಯೇ ಹೊರತು ವಿವರಣೆಯಾಗುವುದಿಲ್ಲ. ಅಸಗನು ಪಂಪನಷ್ಟು ದೊಡ್ಡವನಾಗಿದ್ದರೆ? ಪೊನ್ನನ ಅಳತೆಗೋಲನ್ನು ನೆನೆದರೆ ಈ ಪ್ರಶ್ನೆ ಉತ್ಪ್ರೇಕ್ಷೆಯದಲ್ಲ.

ಗುಣವರ್ಮನ ಸ್ಥಿತಿ ಇವರಿಬ್ಬರ ನಡುವಿನದು. ಅವನ ಶೂದ್ರಕ ಮತ್ತು ಹರಿವಂಶಗಳು ಪೂರ್ಣವಾಗಿ ದೊರೆತಿಲ್ಲ; ಬಿಡಿ ಪದ್ಯಗಳು ಉಳಿದಿವೆ. ಅವು ಉಳಿದುದರಲ್ಲಿ ಹದಿಮೂರನೆಯ ಶತಮಾನದ ಒಂದೇ ಮನೆಯ ಇಬ್ಬರು ಜೈನ ವಿದ್ವಾಂಸರ ಪಾಲು ದೊಡ್ಡದು. ತಂದೆ ಮಲ್ಲಿಕಾರ್ಜುನನು ಹೊಯ್ಸಳ ಸೋಮೇಶ್ವರನ ಕಾಲದಲ್ಲಿ, ಸುಮಾರು 1245ರಲ್ಲಿ, ಸೂಕ್ತಿಸುಧಾರ್ಣವವನ್ನು ಸಂಕಲಿಸಿದನು. ಮಗ ಕೇಶಿರಾಜನು ಸುಮಾರು 1260ರಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದನು. ಜನ್ನನು ಈ ಕೇಶಿರಾಜನಿಗೆ ಸೋದರಮಾವ. ಹಳೆಯ ಕಾವ್ಯಗಳ ಓಲೆಗರಿಗಳು ಇಂಥ ಮನೆಯಲ್ಲಿ ಕೈಯಿಂದ ಕೈಗೆ ದಾಟುತ್ತಿದ್ದುವೆಂದು ಊಹಿಸುವುದು ಕಷ್ಟವಲ್ಲ.

ತಂದೆಮಕ್ಕಳ ಓದು ಮಾತ್ರ ಒಂದೇ ಬಗೆಯದಲ್ಲ. ಮಲ್ಲಿಕಾರ್ಜುನನಿಗೆ ಬೇಕಾದುದು ಸಮುದ್ರ, ಪರ್ವತ, ಪುರ, ಋತು, ಚಂದ್ರೋದಯ ಮೊದಲಾದ ಅಷ್ಟಾದಶ ವರ್ಣನೆಗಳು. ಆಯ್ದ ಪದ್ಯಗಳಿಗೆ ಕವಿಗಳ ಹೆಸರನ್ನು ಆತ ಸೂಚಿಸಲಿಲ್ಲ; ಉಳಿದ ಕಾವ್ಯಗಳೊಡನೆ ಹೋಲಿಸಿ, ಪದ್ಯದೊಳಗಿನ ಬಿರುದುಗಳನ್ನು ಹಿಡಿದು ಕರ್ತೃಗಳನ್ನು ಗುರುತಿಸುವ ಶ್ರಮ ಇಪ್ಪತ್ತನೆಯ ಶತಮಾನದ ವಿದ್ವಾಂಸರ ಪಾಲಿಗೆ ಬಂತು. ಗುಣವರ್ಮನು ತನ್ನ ಆಶ್ರಯದಾತ ಗಂಗ ಎರೆಯಪ್ಪನನ್ನು ಶೂದ್ರಕನೊಡನೆ ಸಮೀಕರಿಸಿದನೆಂಬ ನಿರ್ಣಯದ ಹಿಂದೆಯೂ ಇಂಥ ಪದ್ಯಗಳಿವೆ. ಕೇಶಿರಾಜನು ಪದ್ಯವನ್ನು ಎತ್ತಿಕೊಂಡುದು ಸಂಧಿಗಾಗಿ, ಸಮಾಸಕ್ಕಾಗಿ, ವಿಭಕ್ತಿಗಾಗಿ. ಕಂದವೊಂದರಲ್ಲಿ ಅವನು ಗಜಗ, ಗುಣನಂದಿ, ಮನಸಿಜ, ಅಸಗ, ಚಂದ್ರಭಟ್ಟ, ಗುಣವರ್ಮ, ಶ್ರೀವಿಜಯ, ಪೊನ್ನ, ಪಂಪ, ಸುಜನೋತ್ತಂಸರನ್ನು ಪ್ರಮಾಣವೆಂದು ಹೆಸರಿಸಿದ್ದಾನೆ. ರನ್ನನ ಹೆಸರಿಲ್ಲ. ಇದರಿಂದ ರನ್ನನ ಬಗ್ಗೆ ಅನಾದರವನ್ನು ಊಹಿಸುವ ಅಗತ್ಯವಿಲ್ಲ. ಕಂದದ ನಾಲ್ಕು ಪಾದಗಳಲ್ಲಿ ಹತ್ತು ಹೆಸರುಗಳು ಹಿಡಿದುದೇ ಹೆಚ್ಚು. ಅಸಗನ ಹೆಸರು ಇರುವುದು ಮಾತ್ರ ಗಮನಾರ್ಹ. ಪೊನ್ನನಿಗೆ ಎದುರಾಳಿಯೂ ನಯಸೇನನಿಗೆ ದೇಸಿಯ ಮಾದರಿಯೂ ಆದವನು ವೈಯಾಕರಣನಿಗೆ ಸಾಧುಪ್ರಯೋಗದ ಪ್ರಮಾಣವಾಗಿದ್ದಾನೆ. ದೇಸಿಯೆಂದರೆ ಸಡಿಲವಾದ ಆಡುನುಡಿಯೆಂದು ತಿಳಿಯುವವರು ಈ ಮೂರನೆಯ ಸಾಕ್ಷ್ಯವನ್ನು ಎದುರಿಸಬೇಕಾಗುತ್ತದೆ.

ಗುಣವರ್ಮನ ಜಾಣ್ಮೆಯ ವಿಷಯದಲ್ಲಿ ತೊಡಕು ಇನ್ನೊಂದು ಬಗೆಯದು. ಜಾಣ್ಮೆಯೆಂಬುದು ಕಥೆಯ ತಿರುವಿನಲ್ಲಿ, ಸಂಭಾಷಣೆಯಲ್ಲಿ, ಒಡೆಯನನ್ನು ಕಥಾನಾಯಕನೊಳಗೆ ಹೆಣೆಯುವ ಬಗೆಯಲ್ಲಿ ಕಾಣಬಹುದಾದ ಗುಣ. ವರ್ಣನೆಯ ಸಂಗ್ರಾಹಕನು ಅಂಥ ಪದ್ಯಗಳ ಮುಂದೆ ನಿಲ್ಲುವುದಿಲ್ಲ. ವ್ಯಾಕರಣದ ಸಂಗ್ರಾಹಕನಿಗೆ ಒಂದು ಪ್ರತ್ಯಯ ಸಾಕು. ಶೂದ್ರಕದ ಬಿಡಿ ಪದ್ಯಗಳನ್ನು ನೋಡಿ ಗುಣವರ್ಮನು ವರ್ಣನಾಪ್ರಿಯನೆಂದು ಬರೆದರೆ, ಅದು ಗುಣವರ್ಮನಿಗಿಂತ ಹೆಚ್ಚಾಗಿ ಮಲ್ಲಿಕಾರ್ಜುನನ ರುಚಿಯನ್ನು ಕುರಿತ ಹೇಳಿಕೆಯಾಗುತ್ತದೆ.

ಕೇಶಿರಾಜನ ಪಟ್ಟಿಯ ಕೊನೆಯ ಹೆಸರಾದ ಸುಜನೋತ್ತಂಸನು ಬೊಪ್ಪಣಪಂಡಿತ. ಅವನನ್ನು ಓದಲು ಯಾವ ಸಂಗ್ರಾಹಕನ ನೆರವೂ ಬೇಕಿಲ್ಲ. ಸುಮಾರು 1180ರ ಅವನ ಗೊಮ್ಮಟಸ್ತುತಿ ಓಲೆಗರಿಯ ಮೇಲಲ್ಲ, ಶ್ರವಣಬೆಳಗೊಳದ ಕಲ್ಲಿನ ಮೇಲಿದೆ.