ಶರಾವತಿಯ ಅಳಿವೆಯಲ್ಲಿ ಹೊನ್ನಾವರ

ತುಂಗಭದ್ರೆಯ ಸಮೀಪದ ಹೊಳಲಿನಂತಹ ಬಯಲುಸೀಮೆಯ ಊರಿನಲ್ಲಿ ಬಾಳುವ ನಮಗೆ ಸಮುದ್ರವೆಂಬುದು ದೂರದ ಮಾತೆಂದು ತೋರುವುದು ಸಹಜ. ಆದರೆ ಇತಿಹಾಸವನ್ನು ಅವಲೋಕಿಸಿದರೆ ಈ ದೂರ ಅಷ್ಟೇನೂ ದೊಡ್ಡದಲ್ಲ. ವಿಜಯನಗರದ ಸೈನ್ಯಕ್ಕೆ ಬೇಕಾದ ಅರಬ್ಬೀ ಮತ್ತು ಪಾರಸೀಕ ಕುದುರೆಗಳು ಹೊನ್ನಾವರ, ಭಟ್ಕಳಗಳ ಬಂದರುಗಳಲ್ಲಿ ಇಳಿದು, ಘಟ್ಟವನ್ನೇರಿ, ನಮ್ಮ ಬಯಲಿನ ಕಡೆಗೆ ನಡೆದು ಬರುತ್ತಿದ್ದವು. ಘಟ್ಟದ ಮೆಣಸು ಮತ್ತು ಕರಾವಳಿಯ ಅಕ್ಕಿ ಅದೇ ಬಂದರುಗಳಿಂದ ಹಡಗೇರುತ್ತಿದ್ದವು. ಆದುದರಿಂದ ನಮ್ಮ ಕ್ರೈಸ್ತ ಬಾಂಧವರು ಕರಾವಳಿಗೆ ಪ್ರವಾಸ ಹೊರಡುವುದಾದರೆ, ಗದ್ದಲದ ಪಟ್ಟಣಗಳನ್ನು ಬಿಟ್ಟು, ಶರಾವತಿಯು ಕಡಲನ್ನು ಸೇರುವ ಹೊನ್ನಾವರದಲ್ಲಿ ಎರಡು ದಿನ ತಂಗಬೇಕೆಂದು ನಾವು ಸೂಚಿಸುತ್ತೇವೆ.

ಈ ಊರಿನ ಹಿರಿಮೆಯನ್ನು ಬಣ್ಣಿಸಿದ ಮೊದಲಿಗರಲ್ಲಿ ಮೊರಾಕ್ಕೋ ದೇಶದ ಪ್ರವಾಸಿ ಇಬ್ನ್ ಬತೂತಾ ಒಬ್ಬನು. 1342ರ ಸುಮಾರಿಗೆ ಆತನು ಇಲ್ಲಿಗೆ ಬಂದಾಗ ಜಮಾಲುದ್ದೀನನೆಂಬ ಸುಲ್ತಾನನು ಊರನ್ನು ಆಳುತ್ತಿದ್ದನು. ಆ ಸುಲ್ತಾನನ ಮೇಲೆ ‘ಹರಿಯಬ್’ ಎಂಬ ದೊರೆಯಿದ್ದನೆಂದು ಬತೂತಾ ಬರೆದಿದ್ದಾನೆ. ವಿಜಯನಗರದ ಸ್ಥಾಪಕನಾದ ಒಂದನೆಯ ಹರಿಹರನೇ ಇವನೆಂಬುದು ವಿದ್ವಾಂಸರ ಅಭಿಪ್ರಾಯ. ಹೊನ್ನಾವರದಲ್ಲಿ ಬಾಲಕರಿಗೆ 23 ಶಾಲೆಗಳೂ ಬಾಲಕಿಯರಿಗೆ 13 ಶಾಲೆಗಳೂ ಇದ್ದವೆಂದೂ, ಇಲ್ಲಿನ ಮುಸಲ್ಮಾನ ಸ್ತ್ರೀಯರು ಕುರಾನನ್ನು ಬಾಯಿಪಾಠವಾಗಿ ಬಲ್ಲವರೆಂದೂ, ಇಂತಹುದನ್ನು ತಾನು ಬೇರೆಲ್ಲಿಯೂ ಕಾಣಲಿಲ್ಲವೆಂದೂ ಆತನು ಹೇಳಿದ್ದಾನೆ. ಆರೂವರೆ ಶತಮಾನಗಳಿಗಿಂತ ಹಿಂದೆ, ಒಂದು ಚಿಕ್ಕ ಬಂದರಿನಲ್ಲಿ, ಹೆಣ್ಣುಮಕ್ಕಳಿಗೆಂದೇ 13 ಶಾಲೆಗಳು! ಹೆಣ್ಣಿನ ವಿದ್ಯೆ ಇತ್ತೀಚಿನದೆಂದು ತಿಳಿದಿರುವವರು ಈ ಸಂಖ್ಯೆಯನ್ನು ಗಮನಿಸಬೇಕು.

ಪೋರ್ತುಗೀಸರು ಬಂದ ಮೇಲೆ ಕಥೆ ಬೇರೆಯಾಯಿತು. ಹೊನ್ನಾವರದ ನೌಕಾ ನಾಯಕನಾದ ತಿಮ್ಮೋಜನು, ವೈರಿಗಳಿಗೆ ಕಡಲುಗಳ್ಳನೂ ಮಿತ್ರರಿಗೆ ಸೇನಾನಿಯೂ ಆಗಿದ್ದವನು, 1510ರಲ್ಲಿ ಅಲ್ಬುಕರ್ಕನಿಗೆ ಗೋವೆಯನ್ನು ಹಿಡಿಯುವಂತೆ ಸಲಹೆಯಿತ್ತು ನೆರವಾದನು. ಗೋವೆಯ ಚರಿತ್ರೆಯ ಒಂದು ಮುಖ್ಯ ತಿರುವು ಈ ಅಳಿವೆಯ ಮನುಷ್ಯನ ಮಾತಿನಿಂದ ಉಂಟಾಯಿತೆಂಬುದನ್ನು ನಮ್ಮವರಲ್ಲಿ ಅನೇಕರು ಅರಿಯರು. ಆ ಬಳಿಕ ಗೇರುಸೊಪ್ಪೆಯ ಜೈನ ರಾಣಿ ಚೆನ್ನಭೈರಾದೇವಿಯ ಕಾಲ ಬಂದಿತು. ಮೆಣಸಿನ ವ್ಯಾಪಾರವು ಆಕೆಯ ಕೈಯಲ್ಲಿದ್ದುದರಿಂದ ಪೋರ್ತುಗೀಸರೇ ಆಕೆಯನ್ನು ‘ಕಾಳುಮೆಣಸಿನ ರಾಣಿ’ ಎಂದು ಕರೆದರು. ಹಾಗೆ ಕರೆದರೇ ಹೊರತು ಸುಮ್ಮನಿರಲಿಲ್ಲ. 1569ರಲ್ಲಿ ಹೊನ್ನಾವರವನ್ನು ಮುತ್ತಿ ಕೋಟೆಯನ್ನು ಹಿಡಿದರು. ಕೋಟೆಯೊಡನೆ ಇಗರ್ಜಿಯೂ ಬಂದಿತು.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕಾಗಿದೆ. ಕರಾವಳಿಯ ನಮ್ಮ ಧರ್ಮಸಭೆಯು ಫಿರಂಗಿಗಳ ಆಶ್ರಯದಲ್ಲಿ ಹುಟ್ಟಿ ಆ ಆಶ್ರಯದಲ್ಲಿಯೇ ಬೆಳೆಯಿತೆಂದು ಹೇಳುವವರಿದ್ದಾರೆ. ಈ ಮಾತಿನ ಮೊದಲರ್ಧದಲ್ಲಿ ಸತ್ಯಾಂಶವಿದೆ. ಅದನ್ನು ಮರೆಮಾಚುವುದು ತರವಲ್ಲ. ಆದರೆ ಎರಡನೆಯ ಅರ್ಧವನ್ನು ಇತಿಹಾಸವು ಸಮರ್ಥಿಸುವುದಿಲ್ಲ. 1654ರಲ್ಲಿ ಕೆಳದಿಯ ಶಿವಪ್ಪ ನಾಯಕನು ಹೊನ್ನಾವರವನ್ನು ಪೋರ್ತುಗೀಸರಿಂದ ಕಿತ್ತುಕೊಂಡನು. ಫಿರಂಗಿಗಳು ಹೋದವು, ಕೋಟೆ ಹೋಯಿತು. ಧರ್ಮಸಭೆಯೂ ಅಳಿಯಬೇಕಾಗಿದ್ದಿತು; ಅಳಿಯಲಿಲ್ಲ. 1678ರ ಒಪ್ಪಂದದಂತೆ ಮಿರ್ಜಾನ, ಚಂದಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ಇಗರ್ಜಿಗಳನ್ನು ಕಟ್ಟಲು ಕೆಳದಿಯ ಅರಸೊತ್ತಿಗೆಯೇ ಸ್ಥಳವನ್ನು ಕೊಟ್ಟಿತು. ಆಗ ಆಳುತ್ತಿದ್ದವಳು ರಾಣಿ ಚೆನ್ನಮ್ಮಾಜಿ. ಶಿವಭಕ್ತೆಯಾದ ರಾಣಿಯೊಬ್ಬಳ ಆಳ್ವಿಕೆಯಲ್ಲಿ, ಆಕೆಯ ನೆಲದಲ್ಲಿ, ನಮ್ಮ ಪೂರ್ವಿಕರು ಬಲಿಪೂಜೆಯನ್ನು ಅರ್ಪಿಸಿದರು. ಆಕೆಗೆ ಕ್ರೈಸ್ತ ಒಕ್ಕಲಿನ ದುಡಿಮೆಯೂ ಗೋವೆಯ ಅಕ್ಕಿ ವ್ಯಾಪಾರವೂ ಬೇಕಾಗಿದ್ದವೆಂದು ಯಾರಾದರೂ ಹೇಳಬಹುದು. ಬೇಕಾಗಿದ್ದಿರಲಿ, ಕೊಟ್ಟ ನೆಲ ಕೊಟ್ಟದ್ದೇ.

ಇದೇ ಅವಧಿಯಲ್ಲಿ, 1681ರಿಂದ 1684ರ ವರೆಗೆ, ಗೋವೆಯ ಬೆನಾವ್ಲಿಯಲ್ಲಿ ಹುಟ್ಟಿದ ಪೂಜ್ಯ ಜೋಸೆಫ್ ವಾಜರು ಕನ್ನಡ ಕರಾವಳಿಯ ಹೊಣೆ ಹೊತ್ತು ಊರೂರು ಸಂಚರಿಸಿದರು. ಗೋವೆಯ ಅಧಿಕಾರಿಗಳಿಗೂ ರೋಮಿನಿಂದ ನೇರವಾಗಿ ನೇಮಕಗೊಂಡಿದ್ದ ಬಿಷಪ್ ತೋಮಸ್ ದೆ ಕಾಸ್ತ್ರೊ ಅವರಿಗೂ ಅಂದು ನಡೆದಿದ್ದ ಅಧಿಕಾರ ವ್ಯಾಜ್ಯದ ನಡುವೆ ಆ ತರುಣ ಗುರುಗಳು ಜನರನ್ನು ಒಗ್ಗೂಡಿಸಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಮುಂದೆ ಸಿಂಹಳದಲ್ಲಿ ಸೇವೆ ಸಲ್ಲಿಸಿ 1711ರಲ್ಲಿ ಕ್ಯಾಂಡಿಯಲ್ಲಿ ದೈವಾಧೀನರಾದ ಅವರನ್ನು ಪೋಪ್ ಫ್ರಾನ್ಸಿಸರು 2015ರ ಜನವರಿ 14ರಂದು ಕೊಲಂಬೊದಲ್ಲಿ ಸಂತರೆಂದು ಘೋಷಿಸಿದರು.

ಅನಂತರದ ಶತಮಾನ ಕಷ್ಟದ್ದು. 1783ರಲ್ಲಿ ಜನರಲ್ ಮ್ಯಾಥ್ಯೂಸನ ಇಂಗ್ಲಿಷ್ ಸೈನ್ಯವು ಹೊನ್ನಾವರದ ಕೋಟೆಯನ್ನು ರಕ್ತಪಾತದಿಂದ ಹಿಡಿಯಿತು. ಮರುವರ್ಷ ಟಿಪ್ಪು ಸುಲ್ತಾನನು ಕನ್ನಡ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು, ಇಗರ್ಜಿಗಳು ನೆಲಸಮವಾದವು. 1799ರ ಬಳಿಕ ಬದುಕುಳಿದವರು ಹಿಂದಿರುಗಿ ಪಾಳುಬಿದ್ದ ಹೊಲಗಳ ನಡುವೆ ಮತ್ತೆ ಗೋಡೆಗಳನ್ನೆಬ್ಬಿಸಿದರು. ಇಂದು ಹೊನ್ನಾವರದ ಧರ್ಮಕೇಂದ್ರವು 1976ರಲ್ಲಿ ಸ್ಥಾಪಿತವಾದ ಕಾರವಾರ ಧರ್ಮಪ್ರಾಂತಕ್ಕೆ ಸೇರಿದೆ. ಚಂದಾವರದಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಹಬ್ಬವು ಪ್ರತಿ ವರ್ಷ ಡಿಸೆಂಬರ್ 3ರಂದು ನಡೆಯುತ್ತದೆ. ಹಬ್ಬದ ದಿನ ಹರಕೆ ಹೊತ್ತು ಬರುವವರಲ್ಲಿ ಹಿಂದೂಗಳೂ ಬಹಳ ಮಂದಿ ಇರುತ್ತಾರೆ. ಪ್ರವಾಸದ ದಿನವನ್ನು ಆರಿಸಿಕೊಳ್ಳುವ ಅವಕಾಶವಿದ್ದವರು ಈ ದಿನವನ್ನೇ ಆರಿಸಿಕೊಳ್ಳುವುದೊಳಿತು.

ಹೊನ್ನಾವರದ ನದಿಯ ಸೊಬಗನ್ನು ಕುರಿತು ಒಂದು ಮಾತು. 1623ರಲ್ಲಿ ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆಯು ಪೋರ್ತುಗೀಸ್ ರಾಯಭಾರಿಯೊಡನೆ ಇಕ್ಕೇರಿಗೆ ಹೋಗುವಾಗ ಇಲ್ಲಿಂದ ಗೇರುಸೊಪ್ಪೆಗೆ ದೋಣಿಯಲ್ಲಿ ಸಾಗಿದನು. ಅನೇಕ ದೇಶಗಳನ್ನು ಸುತ್ತಿದ್ದ ಆ ರಸಿಕನು ಶರಾವತಿಯ ಚೆಲುವನ್ನು ಮನಸಾರೆ ಹೊಗಳಿದ್ದಾನೆ. ಮುಂದೆ ಘಟ್ಟದ ದಾರಿಯಲ್ಲಿ, ದೇವಸ್ಥಾನದ ಜಗಲಿಯ ಮೇಲೆ ಕೆಲವು ಹುಡುಗರು ನೆಲಕ್ಕೆ ಮರಳು ಹರಡಿ, ಬೆರಳಿನಿಂದ ಅಂಕಿಗಳನ್ನು ಬರೆಯುತ್ತ, ರಾಗವಾಗಿ ಹಾಡುತ್ತ, ಉಪಾಧ್ಯಾಯರಿಲ್ಲದೆ ಲೆಕ್ಕ ಕಲಿಯುತ್ತಿದ್ದುದನ್ನು ಕಂಡು ಆತನು ಬೆರಗಾದನು. ಮರಳ ಮೇಲೆ ಅಕ್ಷರ ತಿದ್ದಿದ ಹಿರಿಯರು ನಮ್ಮ ಹಳ್ಳಿಗಳಲ್ಲಿ ತೀರ ಇತ್ತೀಚಿನವರೆಗೂ ಇದ್ದರು.

ಊರಿನ ಸುತ್ತಣ ಕೊಪ್ಪಗಳಲ್ಲಿ ಹಾಲಕ್ಕಿ ಒಕ್ಕಲಿಗರು ವಾಸಿಸುತ್ತಾರೆ. ಹೊನ್ನಾವರ, ಕುಮಟಾ, ಅಂಕೋಲಾ, ಕಾರವಾರ ತಾಲ್ಲೂಕುಗಳ ಮೂಲ ಬೇಸಾಯಗಾರರಿವರು. ಕೊರಳ ತುಂಬ ಕರಿಮಣಿ ಸರಗಳನ್ನು ಧರಿಸಿ ರವಿಕೆಯಿಲ್ಲದೆ ಸೀರೆಯುಡುವ ಇವರ ವೃದ್ಧೆಯರನ್ನು ಪ್ರವಾಸಿಗರು ಚಿತ್ರ ತೆಗೆದುಕೊಳ್ಳುವ ವಸ್ತುವಾಗಿ ಕಾಣುವುದುಂಟು; ನಮ್ಮವರು ಹಾಗೆ ಮಾಡಲಾಗದು. ಪ್ರತಿ ಕೊಪ್ಪಕ್ಕೂ ಗೌಡ, ಬುದ್ಧಿವಂತ, ಕೋಲಕಾರ ಎಂಬ ಹಿರಿಯರಿದ್ದು ನ್ಯಾಯತೀರ್ಮಾನಗಳನ್ನು ತಾವೇ ಮಾಡಿಕೊಳ್ಳುವ ಪದ್ಧತಿ ಇವರಲ್ಲಿ ಬೆಳೆದುಬಂದಿದೆ. ಹೋಳಿಯ ಸಮಯದಲ್ಲಿ ತುರಾಯಿ ತೊಟ್ಟು ಮನೆಮನೆಗೆ ಸುಗ್ಗಿ ಕುಣಿತವನ್ನು ಒಯ್ಯುತ್ತಾರೆ. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರು ಈ ಜನಾಂಗದ ಹಾಡುಗಳ ಭಂಡಾರವೇ ಆಗಿದ್ದು, ಸಾರಾಯಿಯ ವಿರುದ್ಧ ಹೆಂಗಸರನ್ನು ಸಂಘಟಿಸಿದರು. 2017ರಲ್ಲಿ ಪದ್ಮಶ್ರೀ ಪಡೆದರು. ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಇಲಾಖೆಯ ಸಸಿಮಡಿಗಳಲ್ಲಿ ಕೂಲಿಯಾಗಿ ದುಡಿಯುತ್ತಲೇ ಮರಗಳ ಗುಣವನ್ನರಿತು ಅದೇ ಗೌರವಕ್ಕೆ ಪಾತ್ರರಾದರು. ತುಳಸಿ ಗೌಡರು 2024ರ ಡಿಸೆಂಬರಿನಲ್ಲಿಯೂ ಸುಕ್ರಿಯವರು 2025ರ ಫೆಬ್ರುವರಿಯಲ್ಲಿಯೂ ತೀರಿಕೊಂಡರು. ಬರೆದಿಡದ ಎಷ್ಟೋ ಹಾಡುಗಳು ಅವರೊಡನೆ ಹೋದವು. ತಮ್ಮನ್ನು ಪರಿಶಿಷ್ಟ ಪಂಗಡದಲ್ಲಿ ಸೇರಿಸಬೇಕೆಂಬುದು ಹಾಲಕ್ಕಿಗಳ ಬಹುಕಾಲದ ಬೇಡಿಕೆ.

ನದಿಯ ತೆಂಕಣ ದಡದಲ್ಲಿ ಕಾಸರಕೋಡಿನ ಕಡಲತೀರವಿದೆ. ನೀರಿನ ಶುದ್ಧತೆಗೂ ಅಚ್ಚುಕಟ್ಟಿಗೂ ಕೊಡಲಾಗುವ ಅಂತರರಾಷ್ಟ್ರೀಯ ‘ನೀಲಿ ಧ್ವಜ’ ಮನ್ನಣೆ ಇದಕ್ಕೆ 2020ರಲ್ಲಿ ದೊರೆಯಿತು. ಗಾಳಿಮರಗಳ ನೆರಳಿನಲ್ಲಿ ಕುಳಿತು ಮಕ್ಕಳೊಡನೆ ಬುತ್ತಿ ಬಿಚ್ಚಲು ಇದು ಪ್ರಶಸ್ತ ಸ್ಥಳ. ಆದರೆ ಅಲ್ಲಿಂದ ಅಳಿವೆಯ ಕಡೆಗೆ ನಡೆದು ಟೊಂಕಕ್ಕೂ ಹೋಗಿ ಬರಬೇಕು. ಅಲ್ಲಿ ಮೀನುಗಾರ ಹೆಂಗಸರು ಮರಳಿನ ಮೇಲೆ ಮೀನು ಹರಡಿ ಒಣಗಿಸುತ್ತಾರೆ. ಅದೇ ಮರಳಿನಲ್ಲಿ ಆಲಿವ್ ರಿಡ್ಲಿ ಜಾತಿಯ ಕಡಲಾಮೆಗಳು ಚಳಿಗಾಲದ ರಾತ್ರಿಗಳಲ್ಲಿ ಬಂದು ಮೊಟ್ಟೆಯಿಡುತ್ತವೆ. ಈ ದಂಡೆಯ ಮೇಲೆ ಖಾಸಗಿ ಬಂದರೊಂದನ್ನು ಕಟ್ಟುವ ಯೋಜನೆಯನ್ನು ಮೀನುಗಾರರು ವರ್ಷಗಳಿಂದ ವಿರೋಧಿಸುತ್ತ ಬಂದಿದ್ದಾರೆ. ಬಂದರಿನಿಂದಲೇ ಹೆಸರಾದ ಊರಿನಲ್ಲಿ ಬಂದರಿಗೆ ವಿರೋಧವೇಕೆಂದು ದೂರದಲ್ಲಿರುವವರು ಕೇಳಬಹುದು. ಕುದುರೆ ಇಳಿಸುತ್ತಿದ್ದ ಹಡಗಿನ ಪಕ್ಕದಲ್ಲಿ ಬೆಸ್ತನ ದೋಣಿಗೂ ಜಾಗವಿದ್ದಿತು. ಇಂದಿನ ಕಾಮಗಾರಿಯಲ್ಲಿ ತಮಗೆ ಜಾಗವುಳಿಯದೆಂಬುದೇ ಅವರ ಭಯ.

ಮರಳುವಾಗ ಗೇರುಸೊಪ್ಪೆಯ ಮಾರ್ಗವನ್ನೇ ಹಿಡಿಯಬೇಕು. ನಗರಬಸ್ತಿಕೇರಿಯ ಕಾಡಿನಲ್ಲಿ, ನಾಲ್ಕು ದಿಕ್ಕಿಗೂ ಬಾಗಿಲುಳ್ಳ ಕಲ್ಲಿನ ಚತುರ್ಮುಖ ಬಸದಿಯು ಚೆನ್ನಭೈರಾದೇವಿಯ ರಾಜ್ಯದ ಕುರುಹಾಗಿ ಉಳಿದಿದೆ. ಬೆಳಗಿನ ಹೊತ್ತಿಗೆ ಅಲ್ಲಿಗೆ ತಲುಪಿದರೆ, ಮಧ್ಯಾಹ್ನದೊಳಗೆ ಘಟ್ಟವೇರಿ ಜೋಗವನ್ನು ನೋಡಿಕೊಂಡು, ರಾತ್ರಿಗೆ ತುಂಗಭದ್ರೆಯ ಬಯಲನ್ನು ಸೇರಬಹುದು.