ಧ್ವನಿಪೆಟ್ಟಿಗೆ ಹೋದ ಮೇಲೂ ‘ಹ್ವಾಯ್’ ಅನ್ನಬಹುದು

ಕೋಟೇಶ್ವರ ಪೇಟೆಯಲ್ಲಿ ಗುರುತಿನವರು ಕಂಡರೆ ನಾವು ಕರೆಯುವುದು ‘ಹ್ವಾಯ್’ ಅಂತ. ಆ ಒಂದು ಶಬ್ದವೂ ಹೊರಡದಂತಾದರೆ ಹೇಗೆ? ಗಂಟಲಿನ ಕ್ಯಾನ್ಸರ್ ಮುಂದುವರಿದ ಕೆಲವರಿಗೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗುತ್ತದೆ. ಆಮೇಲೆ ಅವರು ಉಸಿರಾಡುವುದು ಕತ್ತಿನ ಕೆಳಗೆ ಮಾಡಿದ ತೂತಿನಿಂದ. ನಾಲಿಗೆ, ತುಟಿ, ಬುದ್ಧಿ ಎಲ್ಲ ಸರಿಯಿದ್ದರೂ ಶ್ವಾಸಕೋಶದ ಗಾಳಿ ಬಾಯಿಗೆ ಬರುವುದಿಲ್ಲ. ಹಾಗಾಗಿ ಮಾತಿಲ್ಲ.

ಇಂಥವರಿಗೆ ಮಾತು ಮರಳಿಸುವ ಪ್ರಯತ್ನಕ್ಕೆ 150 ವರ್ಷ ಆಯಿತು. 1873ರ ಡಿಸೆಂಬರ್ 31ರಂದು ವಿಯೆನ್ನಾದ ಸರ್ಜನ್ ಬಿಲ್‌ರೋತ್ ಕ್ಯಾನ್ಸರ್ ಬಂದ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದರು. ಆ ರೋಗಿಗೆ ಕೃತಕ ಧ್ವನಿಪೆಟ್ಟಿಗೆ ಜೋಡಿಸಿದ ವಿವರವನ್ನು ಅವರ ಸಹಾಯಕ ಗುಸೆನ್‌ಬಾವರ್ 1874ರಲ್ಲಿ ಪ್ರಕಟಿಸಿದರು. ಮುಂದೆ ಕತ್ತಿಗೆ ಒತ್ತಿ ಹಿಡಿಯುವ, ಬ್ಯಾಟರಿಯಿಂದ ಕಂಪಿಸುವ ಯಂತ್ರ ಬಂತು. ಅದರಿಂದ ಬರುವುದು ಏರಿಳಿತವಿಲ್ಲದ ಗುಂಯ್‌ಗುಡುವ ದನಿ. ಗಾಳಿ ನುಂಗಿ, ತೇಗಿನಂತೆ ಹೊರಬಿಟ್ಟು ಮಾತಾಡುವ ವಿಧಾನವೂ ಇದೆ. ಅದನ್ನು ಕಲಿಯಲು ತಿಂಗಳುಗಟ್ಟಲೆ ಅಭ್ಯಾಸ ಬೇಕು. ಸ್ಲೇಟು, ಪೆನ್ನು ಕೊಡಬಹುದು. ಆದರೆ ಶಾಲೆಯ ಮೆಟ್ಟಿಲು ಹತ್ತದ ಅಜ್ಜ ಏನು ಬರೆದಾರು?

1980ರ ಹೊತ್ತಿಗೆ ಅಮೆರಿಕದ ಬ್ಲಾಮ್ ಮತ್ತು ಸಿಂಗರ್ ಸರಳ ದಾರಿ ಕಂಡುಕೊಂಡರು. ಶ್ವಾಸನಾಳ ಮತ್ತು ಅನ್ನನಾಳದ ನಡುವೆ ಒಂದು ಪುಟ್ಟ ವಾಲ್ವ್. ಕತ್ತಿನ ತೂತನ್ನು ಹೆಬ್ಬೆರಳಿನಿಂದ ಮುಚ್ಚಿ ಉಸಿರು ಬಿಟ್ಟರೆ ಗಾಳಿ ವಾಲ್ವ್ ದಾಟಿ ಅನ್ನನಾಳಕ್ಕೆ ಹೋಗಿ ಅಲ್ಲಿನ ಗೋಡೆಯನ್ನು ಕಂಪಿಸುತ್ತದೆ. ಆ ಸದ್ದನ್ನು ಬಾಯಿ ಮಾತಾಗಿಸುತ್ತದೆ. ನುಂಗಿದ ಅನ್ನ, ನೀರು ಶ್ವಾಸನಾಳಕ್ಕೆ ಇಳಿಯದಂತೆ ವಾಲ್ವ್ ತಡೆಯುತ್ತದೆ.

ತೊಡಕಾದದ್ದು ಬೆಲೆ. ವಿದೇಶದಿಂದ ಬರುವ ವಾಲ್ವ್‌ಗೆ ಸಾವಿರಾರು ರೂಪಾಯಿ, ಸವೆದಾಗ ಮತ್ತೆ ಹೊಸದು. ಬೆಂಗಳೂರಿನ ಕ್ಯಾನ್ಸರ್ ಸರ್ಜನ್ ಡಾ. ವಿಶಾಲ್ ರಾವ್ ಮತ್ತು ಅವರ ಉದ್ಯಮಿ ಸ್ನೇಹಿತ ಶಶಾಂಕ್ ಮಹೇಶ್ ಸೇರಿ ‘ಓಂ’ ಹೆಸರಿನ ವಾಲ್ವ್ ರೂಪಿಸಿದರು. 2015ರ ಸುಮಾರಿಗೆ ಅದು ದೇಶವಿಡೀ ಸುದ್ದಿಯಾಯಿತು. ಹೇಳಿದ ಬೆಲೆ 50 ರೂಪಾಯಿ!

ಈ ವಾಲ್ವ್ ನಮಗೆ ಮುಖ್ಯವಾಗಲು ಇನ್ನೊಂದು ಕಾರಣವಿದೆ. ವಿಜ್ಞಾನಿ ಸ್ಟೀಫನ್ ಹಾಕಿಂಗ್ 1985ರಲ್ಲಿ ದನಿ ಕಳೆದುಕೊಂಡರು. ಆಮೇಲೆ ಅವರ ಪರವಾಗಿ ಮಾತಾಡಿದ್ದು ಕಂಪ್ಯೂಟರ್. ಅವರು ಇಂಗ್ಲೆಂಡಿನವರು, ಯಂತ್ರದ ಉಚ್ಚಾರ ಅಮೆರಿಕದ್ದು. ಕುಂದಾಪ್ರ ಕನ್ನಡ ಮಾತಾಡುವ ಯಂತ್ರವನ್ನು ನಮ್ಮ ಅಜ್ಜ ಎಲ್ಲಿಂದ ತರಬೇಕು? ವಾಲ್ವ್ ಕೊಡುವುದು ಗಾಳಿಯನ್ನು ಮಾತ್ರ, ಮಾತು ಅವರದ್ದೇ. ದನಿ ಗೊಗ್ಗರಾದರೂ ಮೊಮ್ಮಕ್ಕಳಿಗೆ ಕೇಳುವುದು ಮನೆಯ ಭಾಷೆ.

ಎಲ್ಲ ರೋಗಿಗಳಿಗೂ ವಾಲ್ವ್ ಹೊಂದುವುದಿಲ್ಲ. ಅದನ್ನು ಸರ್ಜನ್ನೇ ನಿರ್ಧರಿಸಬೇಕು. ಮಾತು ಕಲಿಸುವ ತಜ್ಞರೂ ಬೇಕು. ಅಂಥವರನ್ನು ತಯಾರು ಮಾಡಲೆಂದೇ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಬೀಡಿ, ಎಲೆಅಡಿಕೆಯ ಜೊತೆಗಿನ ಹೊಗೆಸೊಪ್ಪು ನಮ್ಮೂರಿನ ಮನೆಮನೆಗೂ ಗೊತ್ತು. ಯಾರದ್ದೇ ಸ್ವರ ಮೂರು ವಾರ ಕಳೆದರೂ ಒಡೆದೇ ಇದ್ದರೆ ಕಷಾಯ ಕುಡಿಸುತ್ತಾ ಕೂರಬೇಡಿ, ಡಾಕ್ಟರಿಗೆ ತೋರಿಸಿ. ಬೇಗ ಗೊತ್ತಾದರೆ ಎಷ್ಟೋ ಜನರ ಧ್ವನಿಪೆಟ್ಟಿಗೆ ಉಳಿಯುತ್ತದೆ. ತೆಗೆಯಲೇಬೇಕೆಂದರೆ, ಆಪರೇಷನ್ನಿಗೆ ಮೊದಲೇ ಈ ಪ್ರಶ್ನೆ ಕೇಳಿ: ಆಮೇಲೆ ಇವರು ನಮ್ಮ ಹತ್ತಿರ ಮಾತಾಡುವುದು ಹೇಗೆ?